ಶರಮಿನ ತಂತಿ

ಯಂಕಂಚಿಯ ಒಬ್ಬ ಪಂಪ್ ಫಿಟರನ ಮಾನ ಹೋದದ್ದು ನಮ್ಮ ಮನೆಯ ಒಂದೇ ಒಂದು ಮಾತಿನಿಂದ. ಅದನ್ನು ಅವನಿಗೆ ತಿರುಗಿ ಕೊಡಬೇಕೆಂದು ನಾನೂ ನಮ್ಮ ಅಬ್ಬಾನೂ ಅವನ ಊರಿಗೆ ಹೋದೆವು. ಹೋದ ವರ್ಷದ ಬೇಸಿಗೆಯ ಸಂಗತಿ. ಇವತ್ತಿಗೂ ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಆದರೆ ಮೊದಲು ನಮ್ಮ ಕಾರ್ಖಾನೆಯ ಪುರಾಣ ಹೇಳಿಬಿಡಬೇಕು. ಇಲ್ಲದಿದ್ದರೆ ಇಷ್ಟಕ್ಕೇ ಇವಳಿಗೇಕೆ ಇಷ್ಟು ನಾಚಿಕೆ ಎಂದು ಓದಿದವರು ಮೂಗು ಮುರಿದಾರು.

ಕಾರ್ಖಾನೆ ಎಂದರೆ ದೊಡ್ಡದೇನೂ ಅಲ್ಲ. ಸಿಂದಗಿಯ ಊರ ಹೊರಗೆ, ನಮ್ಮ ಮನೆಗೆ ಅಂಟಿಕೊಂಡೇ ಒಂದು ತಗಡಿನ ಶೆಡ್ಡು, ಒಳಗೆ ಕಬ್ಬಿಣ ಕರಗಿಸುವ ಭಟ್ಟಿ, ಎರಡು ಲೇತ್ ಮಷೀನು, ಮರಳಿನ ಗುಡ್ಡೆ. ನಮ್ಮಜ್ಜ ಶುರು ಮಾಡಿದ್ದು ಎತ್ತಿನ ಗಾಡಿಗಳ ಕಾಲದಲ್ಲಿ. ಗಾಲಿಯ ನಡುವೆ ಅಚ್ಚು ತಿರುಗುವ ಕಡೆ ಒಂದು ದಪ್ಪ ಕಬ್ಬಿಣದ ಬಳೆ ಇರುತ್ತದೆ, ಬುಶ್ ಎನ್ನುತ್ತಾರೆ. ಅದನ್ನು ಎರಕ ಹೊಯ್ಯುವುದೇ ಅಜ್ಜನ ಮೊದಲ ಉದ್ಯೋಗ. ಇಂಡಿ ಊರಿನ ಸಂತೆ, ಬಸವನ ಬಾಗೇವಾಡಿಯ ಸಂತೆ, ಮುದ್ದೇಬಿಹಾಳದ ಸಂತೆ, ಎಲ್ಲಿ ನೋಡಿದರೂ ಗೋಣಿಚೀಲದ ಮೇಲೆ ಬುಶ್ ಹರಡಿಕೊಂಡು ಅಜ್ಜ ಕೂತಿರುತ್ತಿದ್ದನಂತೆ. ಬಸ್ಸಿನ ಕಂಡಕ್ಟರುಗಳು ಆ ಚೀಲ ಕಂಡರೆ ಸೀಟಿ ಊದಿ ಬಸ್ಸು ಹೊರಡಿಸಿಬಿಡುತ್ತಿದ್ದರಂತೆ, ಅಷ್ಟು ಭಾರ. ಮುಂದೆ ಗಾಡಿಗಳು ಕಡಿಮೆಯಾದವು, ಡೀಸೆಲ್ ಎಂಜಿನ್ನುಗಳು ಬಂದವು. ನಾವು ಎಂಜಿನ್ನಿನ ಸಾಮಾನು ಮಾಡಿದೆವು. ಇಂಡಿ ಕಡೆ ಕಬ್ಬಿನ ಗಾಣಗಳು ಹೆಚ್ಚಿದಾಗ ಗಾಣದ ಹಲ್ಲಿನ ಚಕ್ರ ಮಾಡಿದೆವು. ಹೊಲಹೊಲಕ್ಕೆ ಕರೆಂಟು ಬಂದಾಗ ಕಪ್ಲಿಂಗ್ ಮಾಡಿದೆವು. ಒಂದು ಕಡೆ ಮೋಟರು, ಇನ್ನೊಂದು ಕಡೆ ಪಂಪು, ಎರಡನ್ನೂ ಕೈ ಕೈ ಹಿಡಿಸಿ ತಿರುಗಿಸುವ ಜೋಡಿಗೆ ಕಪ್ಲಿಂಗ್ ಎನ್ನುತ್ತಾರೆ. ಮುಳವಾಡದ ಕಡೆ ಕಾಲುವೆಗೆ ನೀರು ಬಂದ ಮೇಲಂತೂ ಅಬ್ಬಾನಿಗೆ ಉಣ್ಣಲು ಪುರುಸೊತ್ತಿರಲಿಲ್ಲ.

ಆದರೆ ನಮ್ಮನ್ನು ಊರೂರಿಗೆ ಗೊತ್ತು ಮಾಡಿದ್ದು ಈ ಯಾವ ಸಾಮಾನೂ ಅಲ್ಲ, ಒಂದು ತಂತಿ. ಶೆಡ್ಡಿನ ಮುಂದಿನ ಗೋಡೆಗೆ, ಬಾಗಿಲ ಈ ಕಡೆಯಿಂದ ಆ ಕಡೆಗೆ, ಅಜ್ಜ ಒಂದು ದಪ್ಪ ತಂತಿ ಬಿಗಿದಿದ್ದ. ನಾವು ಮಾಡಿದ ಸಾಮಾನು ಒಂದು ಹಂಗಾಮು ಬಾಳದೆ ಮುರಿದರೆ, ತಂದವನಿಗೆ ಕೇಳದೆ ಮಾತಾಡದೆ ಹೊಸದು ಕೊಡುವುದು, ಮುರಿದದ್ದನ್ನು ಆ ತಂತಿಗೆ ತೂಗುಹಾಕುವುದು. ಜೊತೆಗೆ ಒಂದು ತಗಡಿನ ಚೂರು, ಅದರ ಮೇಲೆ ತಂದವನ ಊರು. ಹೊಸದು ಪೂರಾ ಒಂದು ಹಂಗಾಮು ದುಡಿಯುವವರೆಗೆ ಹಳೆಯದು ಅಲ್ಲಿಂದ ಇಳಿಯುವ ಹಾಗಿಲ್ಲ. ಬಂದು ಹೋಗುವವರೆಲ್ಲ ನೋಡಲಿ, ಛೀ ಅನ್ನಲಿ ಎಂದು. ಅಜ್ಜ ಅದಕ್ಕೆ ಶರಮಿನ ತಂತಿ, ಅಂದರೆ ನಾಚಿಕೆಯ ತಂತಿ, ಎಂದು ಹೆಸರಿಟ್ಟಿದ್ದ. ಜನ ನಮ್ಮ ಮನೆಗೇ 'ತಂತಿ ಮನಿ' ಎಂದು ಹೆಸರಿಟ್ಟರು.

ಅಯ್ಯೋ, ಆ ತಂತಿಯಿಂದ ನಾನು ಪಟ್ಟ ಪಾಡು! ಮಿಕ್ಕವರ ಮನೆ ಮುಂದೆ ತೋರಣ ಇರುತ್ತದೆ, ನಮ್ಮ ಮನೆ ಮುಂದೆ ಮುರಿದ ಕಬ್ಬಿಣ. ಸಾಲಿಯ ಗೆಳತಿಯರು 'ನಿಮ್ಮಪ್ಪಗ ಮಾಡಾಕ ಬರಂಗಿಲ್ಲೇನ?' ಎಂದು ಕಾಡುತ್ತಿದ್ದರು. ನನ್ನನ್ನು ನೋಡಲು ಬಾಗೇವಾಡಿಯಿಂದ ಗಂಡಿನ ಕಡೆಯವರು ಬಂದಾಗ, ಅವರ ಕಾಕಾ ಒಳಗೆ ಬರುವ ಮೊದಲು ಬಾಗಿಲಲ್ಲೇ ನಿಂತು ತಗಡಿನ ಚೂರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ನಾನು ಒಳಗೆ ಚಹದ ತಾಟು ಹಿಡಿದು ಹಿಡಿಯಷ್ಟಾಗಿ ನಿಂತಿದ್ದೆ. ಆ ಸಂಬಂಧ ಕೂಡಲಿಲ್ಲ, ಮುಂದೆ ಬಂದವೂ ಕೂಡಲಿಲ್ಲ, ನಾನು ಲೇತ್ ಮಷೀನಿನ ಮುಂದೆಯೇ ಉಳಿದೆ. ಒಮ್ಮೆ ಸಿಟ್ಟಿನಲ್ಲಿ ಅಬ್ಬಾನಿಗೆ ಅಂದಿದ್ದೆ: 'ಈ ತಂತಿ ಹರದು ಒಗೀರಿ ಅಬ್ಬಾ, ನಾಚಿಕಿ ಬರತೈತಿ.'

'ನಾಚಿಕಿ ಬರಲೆಂತನs ಕಟ್ಟಿದ್ದು ಹುಚ್ಚಿ,' ಎಂದು ಅಬ್ಬಾ ನಕ್ಕಿದ್ದರು.

ಹೇಳಬೇಕಾದ ಮಾತೆಂದರೆ, ವರ್ಷ ಕಳೆದಂತೆ ತಂತಿ ಖಾಲಿಯಾಗುತ್ತಾ ಬಂತು. ಅಬ್ಬಾನ ಕೈ ಅಜ್ಜನ ಕೈಗಿಂತ ಪಳಗಿತ್ತು. ಬುಶ್ಶು ಒಂದೋ ಎರಡೋ ತೂಗುತ್ತಿದ್ದವು ಅಷ್ಟೇ. ಕಪ್ಲಿಂಗ್ ಮಾತ್ರ ಅಬ್ಬಾನ ಕಾಲದಲ್ಲಿ ಒಂದೂ ಏರಲಿಲ್ಲ. ಜನ ಬಂದು ತಂತಿ ನೋಡಿ 'ಭಪ್ಪರೆ' ಅನ್ನತೊಡಗಿದರು. ಅಬ್ಬಾ ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ. ಆದರೆ ಬಂದವರನ್ನು ಕೂರಿಸುವ ಕುರ್ಚಿ ಮೆಲ್ಲಗೆ ತಂತಿ ಕಾಣುವ ಜಾಗಕ್ಕೆ ಬಂದು ಕೂತಿತ್ತು. ನನಗೂ ಒಳಗೊಳಗೆ ಕೊಬ್ಬು ಬಂದಿತ್ತು, ಸುಳ್ಳೇಕೆ ಹೇಳಲಿ.

ಈ ನಡುವೆ ವ್ಯಾಪಾರ ಮಾತ್ರ ಇಳಿದುಹೋಗಿತ್ತು. ಈಗ ಎಲ್ಲರದೂ ನೀರೊಳಗೆ ಮುಳುಗಿಸುವ ಮೋಟರು. ಅದಕ್ಕೆ ಕಪ್ಲಿಂಗೇ ಬೇಕಿಲ್ಲ. ಹಳೆ ಪಂಪಿನವರು ಅಲ್ಲೊಬ್ಬರು ಇಲ್ಲೊಬ್ಬರು ಬರುತ್ತಿದ್ದರು. ಅಂಥವರನ್ನು ನಮ್ಮ ಕಡೆ ಕಳಿಸುತ್ತಿದ್ದವರಲ್ಲಿ ಯಂಕಂಚಿಯ ಆ ಫಿಟರ್ ಮುಖ್ಯ. ಸುತ್ತಲಿನ ಹೊಲಗಳ ಹಳೆ ಪಂಪುಗಳೆಲ್ಲ ಅವನ ಕೈಯಲ್ಲೇ ಇದ್ದವು. ವಾಚಾಳಿ ಮನುಷ್ಯ. ಅಬ್ಬಾನಿಗೆ ಮಾಮಾ ಎನ್ನುತ್ತಿದ್ದ, ನನಗೆ ಅಕ್ಕಾರ. ರೈತರ ಮುಂದೆ ಬೇರೆ ಯಾವುದರ ಹೆಸರೂ ಎತ್ತುತ್ತಿರಲಿಲ್ಲವಂತೆ: 'ತಂತಿ ಮನಿ ಸಾಮಾನ ಐತಿ, ಕಣ್ಣ ಮುಚಗೊಂಡ ತಗೊಳ್ರಿ.' ಅವನ ಹೊಟ್ಟೆ ನಡೆಯುತ್ತಿದ್ದದ್ದು ಜನ ಅವನ ಮಾತನ್ನು ನಂಬುತ್ತಿದ್ದರು ಎಂಬ ಒಂದೇ ಕಾರಣಕ್ಕೆ.

ಹೋದ ಬೇಸಿಗೆಯಲ್ಲಿ ಪುಣೆ ಕಡೆಯ ಒಂದು ಪಂಪ್ ಕಂಪನಿಯಿಂದ ಇಬ್ಬರು ಆಫೀಸರರು ಬಂದರು. ನಮ್ಮ ಕೆಲಸ ಮನಸ್ಸಿಗೆ ಬಂದರೆ ಕಪ್ಲಿಂಗಿನ ದೊಡ್ಡ ಆರ್ಡರು ಕೊಡುವವರಿದ್ದರು. ಸಿಕ್ಕರೆ ಭಟ್ಟಿ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಶೆಡ್ಡು ಸುತ್ತಿ, ಅಳತೆ ತೆಗೆದು, ಹೊರಗೆ ಬಂದು ಕುರ್ಚಿಯಲ್ಲಿ ಕೂತರು. ಕೂತ ಕೂಡಲೇ ತಂತಿ ಕಂಡಿತು. ಹಿರಿಯ ಆಫೀಸರ್ ಇದೇನೆಂದು ಕೇಳಿದ. ಅಬ್ಬಾ ಅಜ್ಜನಿಂದ ಹಿಡಿದು ಪೂರಾ ಕಥೆ ಹೇಳಿದರು. ಆ ಮನುಷ್ಯನಿಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

'ಇದರಲ್ಲಿ ಕಪ್ಲಿಂಗ್ ಯಾವುದು?' ಎಂದು ಅರ್ಧ ಮರಾಠಿಯಲ್ಲಿ ಕೇಳಿದ.

'ಕಪ್ಲಿಂಗಾ?' ಅಬ್ಬಾ ಮೀಸೆಯ ಮೇಲೆ ಕೈಯಾಡಿಸಿದರು. 'ನನ್ನ ಕೈ ಹತ್ತಿದ ಮ್ಯಾಲ ಈ ತಂತಿ ಕಪ್ಲಿಂಗಿನ ಮಾರಿ ನೋಡಿಲ್ರಿ ಸಾಹೇಬ್ರ.'

ಆ ಮಾತು ಮುಗಿಯುತ್ತಿದ್ದಂತೆ ರಸ್ತೆಯಲ್ಲಿ ಟಂಟಂ ಆಟೋ ನಿಂತಿತು. ಒಬ್ಬ ಹೆಣ್ಣುಮಗಳು ಇಳಿದಳು. ನಡುವಯಸ್ಸು, ಬಿಸಿಲಿಗೆ ಮುಖ ಕೆಂಪೇರಿತ್ತು. ಕೈಚೀಲದಿಂದ ಎರಡು ಹೋಳಾದ ಕಪ್ಲಿಂಗ್ ತೆಗೆದು ಅಬ್ಬಾನ ಮುಂದೆ ಹಿಡಿದಳು.

'ಯಣ್ಣಾ, ಮುರೀತ್ ನೋಡ್ರಿ. ಹಾಕಿ ತಿಂಗಳಾ ಆಗಿಲ್ಲ. ಹೊಲದಾಗ ಉಳ್ಳಾಗಡ್ಡಿ ಒಣಗಾಕತ್ತೈತಿ.'

ಅದರ ಮೇಲಿನ ಲೇತಿನ ಗೀರು ನನ್ನ ಕೈಯದೇ, ಅದು ನಮ್ಮದೇ ಎಂದು ನನಗೆ ಗೊತ್ತಿತ್ತು. ಯಂಕಂಚಿಯ ಫಿಟರ್ ಬಂದು, ನಗಿಸಿ, ಈ ಕಪ್ಲಿಂಗನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಹೋಗಿದ್ದ. ನಮ್ಮ ಸಾಮಾನಿಗೆಲ್ಲ ಅಂಚಿನಲ್ಲಿ ಮೂರು ಚುಕ್ಕೆಯ ಗುರುತು ಇರುತ್ತದೆ. ಒಡೆದದ್ದು ಸರಿಯಾಗಿ ಆ ಅಂಚಿನಲ್ಲೇ. ಗುರುತು ಚೂರಾಗಿ ಹೋಗಿತ್ತು. ಒಡೆದ ಜಾಗದಲ್ಲಿ ಕಬ್ಬಿಣ ಪೊಳ್ಳಾಗಿತ್ತು, ಎರಕದಲ್ಲಿ ಗಾಳಿ ಸಿಕ್ಕಿಕೊಂಡರೆ ಹಾಗಾಗುತ್ತದೆ. ಅಬ್ಬಾ ಹೋಳುಗಳನ್ನು ಹೊರಳಿಸಿ ನೋಡಿದರು. ಅವರ ಹೆಬ್ಬೆರಳು ಆ ಪೊಳ್ಳಿನ ಮೇಲೆ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಆಫೀಸರರು ಇಬ್ಬರೂ ನೋಡುತ್ತಿದ್ದರು.

'ಇದು ನಮ್ಮದಲ್ಲವ್ವಾ,' ಎಂದರು ಅಬ್ಬಾ.

'ನಿಮ್ದ ಅಂತ ಹೇಳಿ ಹಾಕ್ಯಾನ್ರಿ ನಮ್ಮೂರ ಫಿಟರ್. ತಂತಿ ಮನೀದು ಅಂದ.'

'ನಮ್ಮದಲ್ಲ.'

ಅವಳು ಜಗಳಕ್ಕೆ ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಲ್ಕು ಬೈದಿದ್ದರೆ ನಾನೂ ಬಾಯಿ ಬಿಡುತ್ತಿದ್ದೆನೋ ಏನೋ. ಅವಳು ತಂತಿಯ ಕಡೆ ಒಮ್ಮೆ ನೋಡಿದಳು, ಅಬ್ಬಾನ ಮುಖ ಒಮ್ಮೆ ನೋಡಿದಳು. ನಂಬಿಬಿಟ್ಟಳು.

'ಹಂಗಂದ್ರ ಆ ಹಲ್ಕಟ್ ನನಗ ಟೋಪಿ ಹಾಕ್ಯಾನ,' ಎಂದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, 'ತಪ್ಪು ತಿಳೀಬ್ಯಾಡ್ರಿ ಯಣ್ಣಾ. ನಿಮ್ಮಂಥವ್ರ ಬಾಗಲಕ ಬಂದು ಇಂಥಾ ಮಾತ ಆಡಿಬಿಟ್ನಿ. ನಿಮ್ದs ಒಂದು ಹೊಸಾದು ಕೊಡ್ರಿ' ಎಂದು ರೊಕ್ಕ ತೆಗೆದಳು. ಅಬ್ಬಾ ಆ ರೊಕ್ಕ ಬೇಡವೆನ್ನುವ ಹಾಗಿರಲಿಲ್ಲ. ಬೇಡವೆಂದರೆ ಒಪ್ಪಿಕೊಂಡ ಹಾಗೆ. ತೆಗೆದುಕೊಂಡರು. ಹೊಸ ಕಪ್ಲಿಂಗನ್ನು ಅವಳ ಚೀಲಕ್ಕೆ ಹಾಕಿಕೊಟ್ಟವಳು ನಾನು. ಅವಳು ನನಗೂ ಕೈ ಮುಗಿದು ಹೋದಳು. ಥೂ, ಭೂಮಿ ಬಾಯಿ ಬಿಡಬಾರದೆ ಅನಿಸಿತು.

ಅಬ್ಬಾ ಆರ್ಡರಿನ ಆಸೆಗೆ ಸುಳ್ಳು ಹೇಳಿದರು ಎಂದು ನೀವು ತಿಳಿದೀರಿ. ಅದೊಂದೇ ಆಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಹೌದು ನಮ್ಮದೇ ಎಂದು ಅದನ್ನು ಅಲ್ಲೇ ತಂತಿಗೇರಿಸಿದ್ದರೆ ಆ ಆಫೀಸರ್ ಇನ್ನೊಂದು ಫೋಟೋ ತೆಗೆದು ಬೆನ್ನು ತಟ್ಟುತ್ತಿದ್ದ. ಅಬ್ಬಾ ಸುಳ್ಳಾಡಿದ್ದು ತಂತಿಗೋಸ್ಕರ. ತಪ್ಪನ್ನು ಬಯಲಿಗಿಡಲೆಂದು ಅಜ್ಜ ಬಿಗಿದ ತಂತಿ, ತಪ್ಪೇ ಮಾಡದವರು ನಾವು ಎಂದು ತೋರಿಸುವ ತಂತಿಯಾಗಿ ಕೂತಿತ್ತು. ಅದು ಯಾವಾಗ ಹಾಗಾಯಿತೋ ನಮಗೆ ಗೊತ್ತೇ ಆಗಲಿಲ್ಲ.

ಆಫೀಸರರು ಹೋದ ಮೇಲೆ ಅಬ್ಬಾ ನನ್ನ ಮೇಲೆಯೇ ಹರಿಹಾಯ್ದರು. 'ನಿನಗ ಗೊತ್ತಿತ್ತಲ್ಲ, ನೀ ಯಾಕ ಬಾಯಾಗ ಕಡಬ ಇಟಗೊಂಡ ಕುಂತಿದ್ದಿ?'

'ನೀವ್ಯಾಕ ಹಂಗ ಅಂದ್ರಿ? ನಿಮ್ಮ ಮಾತಿನ ಮ್ಯಾಲ ನಾ ಮಾತ ಆಡಬೇಕಿತ್ತೇನ, ಮಂದಿ ಮುಂದ?'

'ಆಡಬೇಕಿತ್ತು!'

'ಆಡಿದ್ರ ಮನಿಗೆ ಬಂದು ನನ್ನ ಚರ್ಮ ಸುಲೀತಿದ್ರಿ.'

ನಾಳೆ ಯಂಕಂಚಿಗೆ ಹೋಗಿಬರೋಣ ಎಂದರು ಅಬ್ಬಾ. ನಾಳೆ ಎಂಬುದು ಮುಂದೆ ಮುಂದೆ ಹೋಯಿತು. ಆರ್ಡರು ಬಂತು, ಭಟ್ಟಿಗೆ ಬಿಡುವಿಲ್ಲದಾಯಿತು, ಮರಳು ಬರಲಿಲ್ಲ, ಆಳು ಬರಲಿಲ್ಲ. ನಾಚಿಕೆಯಾದ ಮನುಷ್ಯನಿಗೆ ನೆವ ಹುಡುಕುವುದು ಕಷ್ಟವೇ? ನಾನೂ ನೆನಪಿಸಲಿಲ್ಲ. ನೆನಪಿಸಿದರೆ ನಾನೂ ಹೋಗಬೇಕಾಗುತ್ತಿತ್ತು.

ಹೀಗಿರುವಾಗ ಕನ್ನೊಳ್ಳಿಯ ಒಬ್ಬ ರೈತ ಬಂದ, ಗಾಣದ ಚಕ್ರಕ್ಕೆ. ಚಹ ಕುಡಿಯುತ್ತಾ ಹಬ್ಬದ ಸುದ್ದಿ ಹೇಳುವವನಂತೆ ಹೇಳಿದ: 'ಮಿಸ್ತ್ರಿ ಸಾಹೇಬ್ರ, ನಿಮ್ಮ ಹೆಸರ್ಲೆ ಡೂಪ್ಲಿಕೇಟ್ ಮಾಲ ಮಾರತಿದ್ನಂತಲ್ಲ ಯಂಕಂಚ್ಯಾಗ ಫಿಟರ್, ಸಿಕ್ಕಬಿದ್ದ. ಆ ಹೆಣಮಗಳು ಹೋಟೆಲ್ ಮುಂದ ನಿಂತು ಹಿಡಿಹಿಡಿ ಶಾಪ ಹಾಕ್ಯಾಳ. ಈಗ ಅವನ್ನ ಯಾರೂ ಪಂಪ ಮುಟ್ಟಾಕ ಕೊಡಂಗಿಲ್ಲ. ಹಿಂದ ಹಾಕಿದ್ವೂ ಖೊಟ್ಟಿ ಇದ್ದಾವು ಅಂತ ಬಿಚ್ಚಿ ಬಿಚ್ಚಿ ನೋಡಾಕತ್ತಾರ. ನಿಮ್ಮ ಹೆಸರು ಉಳೀತ ಬಿಡ್ರಿ!'

ಅಬ್ಬಾ ಕಪ್ಪು ಕೆಳಗಿಟ್ಟರು. ಮನೆಗೆ ಹೋಗಿ, ಮುಖ ತೊಳೆದು, ಬಿಳಿ ಅಂಗಿ ಟೊಪ್ಪಿಗೆ ಹಾಕಿಕೊಂಡು ಬಂದರು. 'ಗಾಡಿ ತೆಗಿ' ಎಂದರು. ನಾನು ಸ್ಕೂಟಿ ತೆಗೆದೆ. ದಾರಿಯುದ್ದಕ್ಕೂ ಅವರು ಹಿಂದೆ ಕೂತು ಏನು ಹೇಳಬೇಕೆಂದು ತಮಗೆ ತಾವೇ ಒಪ್ಪಿಸಿಕೊಳ್ಳುತ್ತಿದ್ದದ್ದು ನನಗೆ ಕೇಳುತ್ತಿತ್ತು.

ಯಂಕಂಚಿಯ ಹೋಟೆಲಿನ ಮುಂದಿನ ಕಟ್ಟೆಯಲ್ಲಿ ಜನ ಕೂತಿದ್ದರು. ಅಬ್ಬಾ ಆ ಹೆಣ್ಣುಮಗಳನ್ನೂ ಫಿಟರನನ್ನೂ ಕರೆಸಿರಿ ಎಂದರು. ಅವಳು ಬಂದಳು. ಫಿಟರ್ ಬಂದು ದೂರದಲ್ಲಿ ನಿಂತ. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿಯೂ ಅಕ್ಕಾರ ಅನ್ನಲಿಲ್ಲ.

ಅಬ್ಬಾ ನಿಂತುಕೊಂಡೇ ಹೇಳಿದರು: 'ಆ ಮುರಿದ ಕಪ್ಲಿಂಗ್ ನಮ್ಮದು. ನಾನs ಎರಕ ಹೊಯ್ದದ್ದು. ಇವ ಖೊಟ್ಟಿ ಮಾಲ ಹಾಕಿಲ್ಲ. ಸುಳ್ಳ ಹೇಳಿದಾವ ನಾನು. ನನ್ನ ತಪ್ಪು.'

ಕಟ್ಟೆಯ ಮೇಲಿನ ಹಿರಿಯರೊಬ್ಬರು ಪಕ್ಕದವನ ತೊಡೆ ತಟ್ಟಿ, 'ನೋಡಿದ್ರ್ಯಾ? ಇದಕ್ಕ ಅಂತಾರ ದೊಡ್ಡ ಮನಸ್ಸು! ಬಡವನ ಹೊಟ್ಟಿ ಮ್ಯಾಲ ಬರಿ ಬೀಳಬಾರದಂತ ತಮ್ಮ ಮ್ಯಾಲ ಹಾಕ್ಕೊಳ್ಳಾಕ ಬಂದಾರ' ಎಂದರು.

'ಹಂಗಲ್ರಿ ಗೌಡ್ರ, ಖರೇನs ನಮ್ಮದು.'

'ಆಯ್ತ ತಗೋರಿ ಸಾಹೇಬ್ರ, ನಮಗ ತಿಳೀತೈತಿ,' ಎಂದು ಅವರು ನಕ್ಕರು. ಎಲ್ಲರೂ ನಕ್ಕರು, ಪ್ರೀತಿಯಿಂದ.

ಅಬ್ಬಾನ ದನಿ ಏರಿತು. 'ಆ ತುಂಡು ತರಸ್ರಿ, ತೋರಸ್ತೇನಿ! ಒಳಗ ಪೊಳ್ಳ ಐತಿ, ಅದು ನನ್ನ ಎರಕದ ಪೊಳ್ಳು!' ಆ ತುಂಡು ಎಲ್ಲಿತ್ತು? ಆ ಹೆಣ್ಣುಮಗಳು ಅದನ್ನು ಹಳೆ ಕಬ್ಬಿಣ ಕೊಳ್ಳುವ ಮೋಡಕಾದವನಿಗೆ ಹಾಕಿ ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಂಡಿದ್ದಳಂತೆ. ಅಬ್ಬಾ ಖುದಾನ ಮೇಲೆ ಆಣೆ ಮಾಡಹೋದರು, 'ಆಣಿ ಗೀಣಿ ಬ್ಯಾಡ್ರಿ, ನಿಮ್ಮ ಮಾತs ಸಾಕು' ಎಂದು ಕೈ ಹಿಡಿದು ಕೂರಿಸಿದರು. ಮಾತು ಸಾಕಂತೆ! ಅದನ್ನೇ ತಾನೆ ನಂಬುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

'ನಾನs ಕೊಟ್ಟೀನ್ರಿ ಅದನ್ನ, ಈ ಕೈಲೆ! ಇವ ನಮ್ಮ ಶೆಡ್ಡಿಗೆ ಬಂದು ಒಯ್ದಾನ. ಅವತ್ತು ನಾನೂ ಅಲ್ಲೇ ಇದ್ನಿ, ಬಾಯಿ ಮುಚಗೊಂಡ ನಿಂತಿದ್ನಿ!'

'ಮಗಳೂ ಅಪ್ಪನ ಗುಣಾನs ಹೊತ್ತಾಳ,' ಎಂದಳು ಒಬ್ಬ ಮುದುಕಿ, ನನ್ನ ಗದ್ದ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು. ನನಗೆ ಅಳು ಬಂತು. ಅವರು ಅದನ್ನೂ ಬೇರೆಯೇ ತಿಳಿದರು.

ಕಡೆಗೆ ಆ ಹೆಣ್ಣುಮಗಳು ಫಿಟರನ ಕಡೆ ತಿರುಗಿದಳು. 'ಹೋಗ್ಲಿ ಬಿಡು. ಯಣ್ಣಾನ ಮಾರಿ ನೋಡಿ ಮಾಫ್ ಮಾಡೀನಿ. ಇನ್ನೊಮ್ಮಿ ಹಂಗ ಮಾಡಬ್ಯಾಡ.' ಹಿರಿಯರೂ ತಲೆಯಾಡಿಸಿದರು. ಸಾಹೇಬರು ಇಷ್ಟು ದೂರ ಬಂದಿದ್ದಾರೆ, ಈ ಸಲ ಬಿಟ್ಟುಬಿಡೋಣ, ಪಂಪಿನ ಕೆಲಸ ಕೊಡೋಣ, ಆದರೆ ಸಾಮಾನು ನಾವೇ ತಂದುಕೊಡುವುದು, ಇವನ ಕೈಯಲ್ಲಿ ತರಿಸುವುದು ಬೇಡ ಎಂದು ಅಲ್ಲೇ ತೀರ್ಮಾನವಾಯಿತು. ನಮಗೆ ಚಹ ಬಂತು. ಅಬ್ಬಾ ತುಂಬಿದ ಕಪ್ಪನ್ನು ಹಾಗೇ ಕಟ್ಟೆಯ ಮೇಲಿಟ್ಟು ಎದ್ದರು.

ಗಾಡಿಯ ತನಕ ಫಿಟರ್ ನಮ್ಮ ಜೊತೆ ಬಂದ. ಅಬ್ಬಾ ಅವನ ಎರಡೂ ಕೈ ಹಿಡಿದುಕೊಂಡರು. 'ಹೇಳಿದ್ನೆಪಾ. ಎಷ್ಟ ಹೇಳಿದ್ರೂ ಕೇಳಲಿಲ್ಲ ನೋಡು' ಎಂದರು. ಮಕ್ಕಳು ದೂರು ಹೇಳುವ ದನಿಯಲ್ಲಿ.

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಸಿಟ್ಟೂ ಮಾಡಲಿಲ್ಲ. 'ಮಂದಿ ಕೆಟ್ಟಾವ ಅಂತಿದ್ರ, ಎಂದರ ಒಂದು ದಿವಸ ಅಲ್ಲ ಅಂತ ತೋರಸ್ತಿದ್ನಿ ಮಾಮಾ,' ಎಂದ. 'ಈಗ ನೀವು ಮಾಫಿ ಕೊಡಿಸಿ ಹೊಂಟ್ರಿ. ಮಾಫಿ ಆದಾವ ಇನ್ನ ಯಾರ ಮುಂದ ಏನಂತ ಜಗಳಾಡಲಿ?'

ಅವನು ನಿಧಾನವಾಗಿ ಕೈ ಬಿಡಿಸಿಕೊಂಡು ಮನೆಯ ದಾರಿ ಹಿಡಿದ. ನಾನು ಸ್ಕೂಟಿ ಚಾಲೂ ಮಾಡಿದೆ, ಅಬ್ಬಾ ಹಿಂದೆ ಕೂತರು. ನಾವು ಹೋಟೆಲಿನ ಮುಂದೆ ಹಾದುಹೋಗುವಾಗ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು ಅಬ್ಬಾನಿಗೆ ಕೈ ಮುಗಿದರು.